ಎನ್ಸೆಲಡಸ್ ಅಯಸ್ಕಾಂತವಲ್ಲ, ಆದರೂ ಶನಿಯ ಕಾಂತಕ್ಷೇತ್ರ ಬಾಗುವುದೇಕೆ?

ಪ್ರಶ್ನೆ: ಶನಿಯ ಚಂದ್ರಗಳಲ್ಲೊಂದಾದ ಎನ್ಸೆಲಡಸ್ 500 ಕಿ.ಮೀ. ಅಗಲದ ಹಿಮದುಂಡೆ. ಶನಿಯಂಥ ದೈತ್ಯನ ಕಾಂತಕ್ಷೇತ್ರವನ್ನು ಅದು ಹೇಗೆ ಕದಲಿಸೀತು?

ನೀರು ಚೆಲ್ಲಿ! ಅದರ ದಕ್ಷಿಣ ಧ್ರುವದಲ್ಲಿ ‘ಹುಲಿಪಟ್ಟೆ’ ಎಂದು ಕರೆಯುವ ನಾಲ್ಕು ಉದ್ದನೆಯ ಬಿರುಕುಗಳಿವೆ. ಅಲ್ಲಿಂದ ಸೆಕೆಂಡಿಗೆ ಸುಮಾರು 300 ಕೆ.ಜಿ. ನೀರಾವಿ ಚಿಮ್ಮುತ್ತದೆ. ನಮ್ಮ ಲೆಕ್ಕದಲ್ಲಿ, ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಐದಾರು ಕೊಡ. ಚಂದ್ರನ ಗುರುತ್ವ ಅತ್ಯಲ್ಪವಾದ್ದರಿಂದ ಆ ಆವಿಯಲ್ಲಿ ಹೆಚ್ಚಿನದು ಹಿಂದಕ್ಕೆ ಬೀಳದೆ ಶನಿಯ ಸುತ್ತ ಹರಡಿಕೊಳ್ಳುತ್ತದೆ.

ಆವಿ ಆವಿಯಾಗಿರುವವರೆಗೆ ಕಾಂತಕ್ಷೇತ್ರಕ್ಕೆ ಅದರ ಗೊಡವೆಯಿಲ್ಲ. ಆದರೆ ಬಿಸಿಲೋ ಅಲ್ಲಿ ಸುಳಿದಾಡುವ ಎಲೆಕ್ಟ್ರಾನೋ ತಾಗಿ ನೀರಿನ ಅಣು ಒಂದು ಎಲೆಕ್ಟ್ರಾನ್ ಕಳೆದುಕೊಂಡಿತೋ, ಕಥೆ ಬೇರೆ. ವಿದ್ಯುದಾವೇಶ ಬಂದ ತಕ್ಷಣ ಕ್ಷೇತ್ರ ಅದನ್ನು ಹಿಡಿದೆಳೆಯುತ್ತದೆ. ಶನಿ ಸುಮಾರು ಹತ್ತೂವರೆ ಗಂಟೆಗೊಮ್ಮೆ ತಿರುಗುತ್ತದೆ, ಕಾಂತಕ್ಷೇತ್ರವೂ ಜೊತೆಗೇ. ಎನ್ಸೆಲಡಸ್‌ಗೆ ಒಂದು ಸುತ್ತಿಗೆ 33 ಗಂಟೆ ಬೇಕು. ಹಾಗಾಗಿ ಕ್ಷೇತ್ರ ಹಿಂದಿನಿಂದ ಬಂದು, ಸೆಕೆಂಡಿಗೆ 26 ಕಿ.ಮೀ.ಯಷ್ಟು ಹೆಚ್ಚಿನ ವೇಗದಲ್ಲಿ ಚಂದ್ರನನ್ನು ದಾಟಿಹೋಗಬೇಕು.

ಬೀಸುವ ಕಲ್ಲನ್ನು ಖಾಲಿ ತಿರುಗಿಸಿ ನೋಡಿ, ಹಗುರ. ಒಂದು ಹಿಡಿ ರಾಗಿ ಸುರಿಯಿರಿ, ಗೂಟ ಹಿಡಿದ ಕೈಗೆ ತಟ್ಟನೆ ಭಾರ ತಿಳಿಯುತ್ತದೆ. ಇಲ್ಲೂ ಅಷ್ಟೇ: ಹೀಗೆ ಆವೇಶ ಬಂದ ಹೊಸ ಅಣುಗಳನ್ನು, ಅಂದರೆ ಅಯಾನುಗಳನ್ನು, ಎಳೆದೊಯ್ಯುವಲ್ಲಿ ಕ್ಷೇತ್ರದ ಓಟ ತಗ್ಗುತ್ತದೆ, ಬಲರೇಖೆಗಳು ಬಾಗಿ ಚಂದ್ರನನ್ನು ಬಳಸಿಕೊಳ್ಳುತ್ತವೆ. ಈ ದುಡಿಮೆಯ ಖರ್ಚು ಶನಿಯದ್ದೇ. ಬಲರೇಖೆಗಳ ಗುಂಟ ವಿದ್ಯುತ್ ಅದರ ಧ್ರುವದ ಕಡೆಗೆ ಹರಿಯುತ್ತದೆ. ಆ ರೇಖೆಗಳ ಬುಡದಲ್ಲಿ ಅತಿನೇರಳೆಯ ಪುಟ್ಟ ಹೊಳಪನ್ನು, ಶನಿಯನ್ನು ಸುತ್ತುತ್ತಿದ್ದ ಕ್ಯಾಸಿನಿ ನೌಕೆ 2008ರಲ್ಲಿ ಕಂಡಿತು. ಎಲ್ಲ ಸಲವೂ ಅದು ಕಾಣುವುದಿಲ್ಲ.

ನನಗೆ ಇಷ್ಟವಾದ ಭಾಗ ಬೇರೆ. ಈ ನೀರಾವಿಯ ಕಾರಂಜಿಗಳ ಸುಳಿವು ಕೊಟ್ಟದ್ದೇ ಆ ಬಾಗಿದ ರೇಖೆಗಳು. 2005ರ ಫೆಬ್ರವರಿಯಲ್ಲಿ ಕ್ಯಾಸಿನಿ ದೂರದಿಂದ ಹಾದುಹೋದಾಗ, ಅಲ್ಲೊಂದು ವಾತಾವರಣವಿದೆಯೇನೋ ಎಂಬಂತೆ ಕ್ಷೇತ್ರ ತಿರುಚಿತ್ತು. ಕಾಂತಮಾಪಕ ತಂಡದ ಮುಖ್ಯಸ್ಥೆ ಮಿಷೆಲ್ ಡೋಹರ್ಟಿ ಪಟ್ಟು ಹಿಡಿದು, ಜುಲೈನಲ್ಲಿ ನೌಕೆಯನ್ನು 173 ಕಿ.ಮೀ. ಹತ್ತಿರಕ್ಕೇ ಒಯ್ಯಿಸಿದರು. ಕಾರಂಜಿಗಳು ಕ್ಯಾಮೆರಾಕ್ಕೆ ಸ್ಪಷ್ಟವಾಗಿ ಸಿಕ್ಕಿದ್ದು ನವೆಂಬರ್‌ನಲ್ಲಿ.

ಹಾಗೆಂದು ಶನಿಯ ಎಲ್ಲ ಏರುಪೇರನ್ನೂ ಎನ್ಸೆಲಡಸ್ ತಲೆಗೆ ಕಟ್ಟಲಾಗದು. ಶನಿಯಿಂದ ಹೊಮ್ಮುವ ರೇಡಿಯೊ ಅಲೆಗಳ ಮಿಡಿತದ ಅವಧಿ, ವಾಯೇಜರ್ ನೌಕೆಗಳು ಅಲ್ಲಿ ಹಾದುಹೋದ 1980ರ ಸುಮಾರಿನ ಕಾಲದಿಂದ ಕ್ಯಾಸಿನಿ ಕಾಲಕ್ಕೆ ಸುಮಾರು 6 ನಿಮಿಷ ಹೆಚ್ಚಿದ್ದಾಗ ಅನುಮಾನ ಈ ಚಂದ್ರನ ಮೇಲೂ ಬಿದ್ದಿತ್ತು. ಈಗ ಬೆರಳು ತಿರುಗಿರುವುದು ಶನಿಯ ಮೇಲ್ವಾತಾವರಣದ ಗಾಳಿಯ ಕಡೆಗೆ.