ಬರೀ ಕೇಳುವುದಕ್ಕೂ ಕಾನೂನಿದೆಯೇ? ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆಗೆ ಓದುತ್ತಿರುವವರಿಗೆ ಒಂದು ಟಿಪ್ಪಣಿ

ಕಳೆದ ಭಾನುವಾರ ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಓದುತ್ತಿದ್ದಾಗ ನಮ್ಮ ಗುಂಪಿನ ಹುಡುಗನೊಬ್ಬ ಕೇಳಿದ: "ಅಣ್ಣಾ, ನಾನೇನೂ ಮಾತಾಡಲ್ಲ, ಬರೀ ಕೇಳ್ತೀನಿ. ಗಾಳೀಲಿ ಬರೋದನ್ನ ಕೇಳೋಕೂ ಲೈಸೆನ್ಸ್ ಬೇಕಾ?" ಅವನ ಕೈಯಲ್ಲಿ ಎಸ್.ಪಿ. ರಸ್ತೆಯಿಂದ ತಂದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ರಿಸೀವರ್) ಇತ್ತು. ಹೆಬ್ಬೆರಳಿನಷ್ಟು ಗಾತ್ರದ ಈ ಸಾಧನ ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ. ಎಫ್‌ಎಂ, ವಿಮಾನದವರ ಮಾತು, ವಾಕಿಟಾಕಿ ಎಲ್ಲವೂ ಅದರ ವ್ಯಾಪ್ತಿಯೊಳಗೇ ಬರುತ್ತವೆ.

ಅವನ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ರಿಸೀವರ್ ಇಟ್ಟುಕೊಳ್ಳಬಹುದೇ? ಅದರಲ್ಲಿ ಬರುವುದನ್ನು ಕೇಳಬಹುದೇ? ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಬಹುದೇ? ಒಂದೊಂದು ದೇಶ ಬೇಲಿ ಹಾಕಿರುವುದು ಒಂದೊಂದು ಕಡೆ.

ನಮ್ಮಲ್ಲಿ ಬೇಲಿ ಮೊದಲ ಹೆಜ್ಜೆಯಲ್ಲೇ ಇದೆ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣವನ್ನು ಇಟ್ಟುಕೊಳ್ಳುವುದೇ ತಪ್ಪು. ಬಳಸುತ್ತಿರುವ ಉಪಕರಣವಷ್ಟೇ ಅಲ್ಲ, ಬಳಸಲು ಬರುವಂಥದ್ದೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಹಾಗಾಗಿ 'ಬೀರುವಿನಲ್ಲಿ ಸುಮ್ಮನೆ ಇಟ್ಟಿದ್ದೆ' ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಅಜ್ಜಂದಿರ ಕಾಲದಲ್ಲಿ ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸ್ ಹಣ ಕಟ್ಟುತ್ತಿದ್ದುದು ನೆನಪಿದ್ದವರಿಗೆ ಇದು ವಿಚಿತ್ರ ಅನ್ನಿಸದು. ಪ್ರಸಾರ ಕೇಳುವ ರೇಡಿಯೋಗೆ ಆಮೇಲೆ ವಿನಾಯಿತಿ ಸಿಕ್ಕಿತು, ಮೂಲ ನಿಯಮ ಹಾಗೇ ಉಳಿಯಿತು. ಶಿಕ್ಷೆಯಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿತ್ತು: ಬರೀ ರಿಸೀವರ್ ಆದರೆ ಮೊದಲ ಸಲಕ್ಕೆ 100 ರೂಪಾಯಿವರೆಗೆ ದಂಡ, ಟ್ರಾನ್ಸ್‌ಮಿಟರ್ ಆದರೆ 3 ವರ್ಷದವರೆಗೆ ಜೈಲು. 1933ರ ಕಾಯ್ದೆಯ ಜಾಗಕ್ಕೆಂದು ತಂದ 2023ರ ದೂರಸಂಪರ್ಕ ಕಾಯ್ದೆಯ ಸೆಕ್ಷನ್‌ಗಳು 2024ರ ಜೂನ್ 26ರಿಂದ ಹಂತಹಂತವಾಗಿ ಜಾರಿಗೆ ಬರತೊಡಗಿದವು. ಅದರಲ್ಲೂ ರೇಡಿಯೋ ಉಪಕರಣ ಹೊಂದಲು ಅನುಮತಿ ಬೇಕು. ಸಂದೇಶವನ್ನು ಅಕ್ರಮವಾಗಿ ಕದ್ದಾಲಿಸಿದರೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರೀಕ್ಷೆಗೆ ಎರಡೂ ಕಾಯ್ದೆಗಳನ್ನು ಓದಿಕೊಳ್ಳಿ.

ಅಮೆರಿಕದ ಕಥೆ ಬೇರೆ. ನನಗೆ ಇಡೀ ವಿಷಯದಲ್ಲಿ ಹೆಚ್ಚು ಕಲಿಸಿದ್ದು ಇದೇ. ಅಲ್ಲಿನ ಹಳೆಯ ಸೆಲ್ ಫೋನ್‌ಗಳು ಅನಲಾಗ್ ಎಫ್‌ಎಂ. ಫೋನಿನಿಂದ ಟವರ್‌ಗೆ 824–849, ಟವರಿನಿಂದ ಫೋನಿಗೆ 869–894 ಮೆಗಾಹರ್ಟ್ಸ್. ಸ್ಕ್ಯಾನರ್ (ಫ್ರೀಕ್ವೆನ್ಸಿಗಳನ್ನು ಒಂದೊಂದಾಗಿ ತಡಕುವ ರಿಸೀವರ್) ಇದ್ದವರಿಗೆಲ್ಲ ಪರರ ಸಂಸಾರದ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. 1986ರಲ್ಲೇ ಅದನ್ನು ಕೇಳುವುದನ್ನು ನಿಷೇಧಿಸಿದರು, ಆದರೆ ಮನೆಯೊಳಗೆ ಕೂತು ಕೇಳುವವನನ್ನು ಹಿಡಿಯುವುದು ಹೇಗೆ? ಕೊನೆಗೆ ಕಾನೂನು ಯಂತ್ರಕ್ಕೇ ಕೈ ಹಾಕಿತು: 1994ರ ಏಪ್ರಿಲ್‌ನಿಂದ ಈ ಫ್ರೀಕ್ವೆನ್ಸಿಗಳನ್ನು ಹಿಡಿಯುವ ಸ್ಕ್ಯಾನರ್‌ಗಳ ತಯಾರಿಕೆಯೂ ಆಮದೂ ನಿಂತವು.

ಆದರೂ ಸೋರಿಕೆ ನಿಲ್ಲಲಿಲ್ಲ. ಕಾರಣ ನಮ್ಮ ಪಠ್ಯದಲ್ಲೇ ಇದೆ: ಇಮೇಜ್ ಫ್ರೀಕ್ವೆನ್ಸಿ. ಅಂದರೆ ನೀವು ತಿರುಗಿಸಿದ ಫ್ರೀಕ್ವೆನ್ಸಿಯ ಜೊತೆ ನುಸುಳಿ ಬರುವ ಇನ್ನೊಂದು. ಸೂಪರ್‌ಹೆಟ್ ರಿಸೀವರ್ ಬಂದ ಸಿಗ್ನಲನ್ನು ತನ್ನೊಳಗಿನ ಲೋಕಲ್ ಆಸಿಲೇಟರ್ ಹುಟ್ಟಿಸುವ ಸಿಗ್ನಲ್ ಜೊತೆ ಮಿಕ್ಸರಿನಲ್ಲಿ ಬೆರೆಸಿ, ಎರಡರ ವ್ಯತ್ಯಾಸವಾದ ಐಎಫ್‌ಗೆ (ಮಧ್ಯಂತರ ಫ್ರೀಕ್ವೆನ್ಸಿಗೆ) ಇಳಿಸುತ್ತದೆ. ಲೆಕ್ಕ ಹಾಕಿ ನೋಡಿ. ಐಎಫ್ 10.7 ಮೆಗಾಹರ್ಟ್ಸ್ ಇರುವ ಒಂದು ಸೂಪರ್‌ಹೆಟ್ ರಿಸೀವರನ್ನು 900ಕ್ಕೆ ತಿರುಗಿಸಿದ್ದೀರಿ, ಲೋಕಲ್ ಆಸಿಲೇಟರ್ 889.3. 900ರಿಂದ 889.3 ಕಳೆದರೆ 10.7. 889.3ರಿಂದ 878.6 ಕಳೆದರೂ 10.7. ಮಿಕ್ಸರ್‌ಗೆ ಈ ಎರಡರಲ್ಲಿ ಭೇದ ತಿಳಿಯದು. ಮುಂಭಾಗದ ಫಿಲ್ಟರ್ ಸಡಿಲವಾಗಿದ್ದರೆ ಡಯಲ್ ಮೇಲೆ 900 ಎಂದು ಕಾಣುತ್ತಿರುವಾಗಲೇ 878.6ರ ಫೋನ್ ಮಾತು ಕೇಳುತ್ತದೆ. ಅದಕ್ಕೇ 1999ರಲ್ಲಿ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ, ಸ್ಕ್ಯಾನರ್‌ಗಳು ಸೆಲ್ಯುಲರ್ ಸಿಗ್ನಲನ್ನು ಕನಿಷ್ಠ 38 ಡೆಸಿಬೆಲ್ ತಗ್ಗಿಸಲೇಬೇಕೆಂದು ನಿಯಮ ಮಾಡಿತು. ಇದೇ ಲೆಕ್ಕವನ್ನು ನಮ್ಮ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ, ಐಎಫ್ 455 ಇಟ್ಟು, ಆಸಿಲೇಟರ್ ಮೇಲಿದೆ ಎಂದುಕೊಂಡು ಮಾಡಿ. ಇಮೇಜ್ 1522 ಬರಬೇಕು.

ನಮ್ಮಲ್ಲಿ ಆ ತೊಂದರೆ ಏಳಲೇ ಇಲ್ಲ. 1995ರಲ್ಲಿ ಮೊಬೈಲ್ ಬಂದಾಗ ನೇರವಾಗಿ ಡಿಜಿಟಲ್ ಜಿಎಸ್‌ಎಂ ಬಂತು, ಅದು ಅನಲಾಗ್ ಸ್ಕ್ಯಾನರಿನಲ್ಲಿ ಮಾತಾಗಿ ಕೇಳುವುದಿಲ್ಲ.

ಬ್ರಿಟನ್ನಿನಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳಬಹುದು, ಆದರೆ ನಿಮಗಲ್ಲದ ಸಂದೇಶದಲ್ಲಿ ಏನಿದೆ ಎಂದು ತಿಳಿಯಲು ಬೇಕೆಂದೇ ಕೇಳಿದರೆ 2006ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ 48ನೇ ಸೆಕ್ಷನ್ ಅಡಿ ಅಪರಾಧ.

ಕೇಳಿದ್ದನ್ನು ಹೇಳಬಹುದೇ ಎಂಬ ಮೂರನೇ ಪ್ರಶ್ನೆಯನ್ನು ನಮ್ಮಲ್ಲಿ ಹೆಚ್ಚಿನವರು ಓದದೆ ಬಿಡುತ್ತಾರೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ರೇಡಿಯೋ ನಿಯಮಗಳ 17ನೇ ವಿಧಿಯನ್ನು ದಯವಿಟ್ಟು ನಿಧಾನವಾಗಿ ಓದಿ. ಸಾರ್ವಜನಿಕರಿಗಲ್ಲದ ಸಂದೇಶವನ್ನು ಅನುಮತಿಯಿಲ್ಲದೆ ಹಿಡಿಯುವುದನ್ನಷ್ಟೇ ಅಲ್ಲ, ಅದರಲ್ಲಿದ್ದುದನ್ನು ಹೇಳುವುದನ್ನೂ, ಪ್ರಕಟಿಸುವುದನ್ನೂ, ಬಳಸಿಕೊಳ್ಳುವುದನ್ನೂ ದೇಶಗಳು ತಡೆಯಬೇಕು ಎನ್ನುತ್ತದೆ ಅದು. ಅಂಥ ಸಂದೇಶವೊಂದು ಇತ್ತು ಎಂದು ಬಯಲು ಮಾಡುವುದೂ ಅದರಲ್ಲಿ ಸೇರಿದೆ. ಈ ಕೊನೆಯ ಮಾತನ್ನು ಓದಿದ ದಿನ ನಾನು ಬೆಚ್ಚಿದೆ. ಯಾರದೋ ವಾಕಿಟಾಕಿ ಮಾತಿನ ಅರ್ಧ ನಿಮಿಷದ ತುಣುಕನ್ನು ಗೆಳೆಯನೊಬ್ಬ ಕಳಿಸಿದ್ದ, ನಾನೂ ನಾಲ್ಕು ಜನಕ್ಕೆ ದಾಟಿಸಿದ್ದೆ. ಅವರೆಲ್ಲರಿಗೂ ಫೋನ್ ಮಾಡಿ ಅಳಿಸಿ ಎಂದು ಕೇಳಿಕೊಂಡೆ.

"ಹಾಗಾದ್ರೆ ಲೈಸೆನ್ಸ್ ಬರೋವರೆಗೆ ನಾನೇನ್ ಕಲೀಲಿ?" ಎಂದ ಹುಡುಗ. ಡಾಂಗಲನ್ನು ಎತ್ತಿಟ್ಟು, ಮನೆಯ ರೇಡಿಯೋದಲ್ಲಿ 101.3 ಎಫ್‌ಎಂ ರೇನ್‌ಬೋ ಹಾಕಲು ಹೇಳಿದೆ. ಅದು ಎಲ್ಲರೂ ಕೇಳಲೆಂದೇ ಇರುವ ಪ್ರಸಾರ. ಏರಿಯಲನ್ನು ಎಳೆದು, ಮಡಚಿ, ಕಿಟಕಿಗೂ ಗೋಡೆಗೂ ಸರಿಸಿ ಸಿಗ್ನಲ್ ಎಲ್ಲಿ ಬೀಳುತ್ತದೆ ಅಂತ ಬರೆದುಕೋ ಎಂದೆ. ಆಮೇಲೆ ಅವನ ನೋಟ್‌ಬುಕ್ ತೆಗೆದು, ಆ ಕೇಂದ್ರದ ತರಂಗದ ಉದ್ದ ಎಷ್ಟು ಮೀಟರ್ ಬರುತ್ತದೆಂದು ಇಬ್ಬರೂ ಲೆಕ್ಕ ಹಾಕಿದೆವು. 300 ಭಾಗಿಸು 101.3, ಸುಮಾರು 2.96. ಅದರ ಕಾಲು ಭಾಗ 74 ಸೆಂಟಿಮೀಟರ್, ಅವರ ಮನೆಯ ಹಳೇ ರೇಡಿಯೋದ ಏರಿಯಲ್ ಹೆಚ್ಚುಕಮ್ಮಿ ಅಷ್ಟೇ ಉದ್ದವಂತೆ.