ಬೇತ್ಲೆಹೇಮಿನ ನಕ್ಷತ್ರ

ಕ್ರಿಸ್ಮಸ್ ಮರದ ತುದಿಯಲ್ಲಿ, ಗೋದಲಿಯ ಮೇಲೆ ಬೆಳಗುವ ನಕ್ಷತ್ರದ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಬೈಬಲ್ಲಿನ ಒಂದೇ ಅಧ್ಯಾಯ: ಮತ್ತಾಯನ ಸುವಾರ್ತೆಯ 2ನೆಯದು. ಮಾರ್ಕ, ಯೋಹಾನರು ಯೇಸುವಿನ ಜನನದ ಕತೆಯನ್ನೇ ಹೇಳುವುದಿಲ್ಲ. ಲೂಕ ಹೇಳುತ್ತಾನೆ, ಆದರೆ ಅವನಲ್ಲಿ ಸುದ್ದಿ ತರುವವರು ದೇವದೂತರು, ಕೇಳುವವರು ಕುರುಬರು. ನಕ್ಷತ್ರದ ಸುಳಿವಿಲ್ಲ. ಗೋದಲಿ ಕಟ್ಟುವಾಗ ನಾವು ಎರಡು ಕತೆಗಳನ್ನು ಒಂದೇ ಚಪ್ಪರದಡಿ ತಂದಿರುತ್ತೇವೆ.

ಮತ್ತಾಯನ ಕತೆಯಲ್ಲಿ ನಕ್ಷತ್ರ ಕಂಡವರನ್ನು ಗ್ರೀಕ್ ಮೂಲ 'ಮಾಗೋಯ್' ಎನ್ನುತ್ತದೆ. ಮೊದಲು ಪರ್ಷಿಯಾ ಕಡೆಯ ಪುರೋಹಿತರಿಗಿದ್ದ ಈ ಹೆಸರು ಬರಬರುತ್ತಾ ಗ್ರಹಗತಿ ನೋಡುವವರಿಗೂ ಮಂತ್ರವಾದಿಗಳಿಗೂ ಅಂಟಿತು. ಕನ್ನಡ ಬೈಬಲ್ಲಿನಲ್ಲಿ ಅವರು 'ಜೋಯಿಸರು'. 'ಮೂವರು ರಾಜರು' ಎಂಬ ರೂಢಿಗಿಂತ ಇದೇ ನನಗೆ ಹಿಡಿಸುವ ಮಾತು. (ಮೂವರಿದ್ದರು ಎಂದೂ ಮತ್ತಾಯ ಬರೆದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆಗಳು ಮೂರಿದ್ದವು, ಅಷ್ಟೇ.)

ಜೋಯಿಸರು ಎಂದು ಓದಿಕೊಂಡರೆ ನಕ್ಷತ್ರ ಯಾಕೆ ಬೇಕಾಯಿತು ಎಂಬುದು ತಾನೇ ತಿಳಿಯುತ್ತದೆ. ಬಂದವರು ಹೊರನಾಡಿನವರು, ಯೆಹೂದ್ಯರ ಧರ್ಮಗ್ರಂಥ ಅವರದಲ್ಲ. ಅವರಿಗೆ ಓದಲು ಬರುತ್ತಿದ್ದುದು ಆಕಾಶ. ಕರೆಯೋಲೆ ಅಲ್ಲೇ ಬಂತು. ಈ ಕೂಸು ಒಂದು ಜನಾಂಗಕ್ಕೆ ಮಾತ್ರ ಸೇರಿದ್ದಲ್ಲ ಎಂಬುದೇ ಕ್ರೈಸ್ತರಿಗೆ ನಕ್ಷತ್ರದ ಮೊದಲ ಅರ್ಥ. ಪಶ್ಚಿಮದ ಸಭೆಗಳು ಜನವರಿ 6ರಂದು ಆಚರಿಸುವ ಎಪಿಫನಿ ಹಬ್ಬದ ತಿರುಳೂ ಇದೇ. ಆ ಪದಕ್ಕೆ 'ಪ್ರಕಟವಾಗುವುದು' ಎಂದರ್ಥ.

ಆದರೆ ನಕ್ಷತ್ರ ಎಲ್ಲವನ್ನೂ ಹೇಳಲಿಲ್ಲ. ಅರಸ ಹುಟ್ಟಿದ್ದಾನೆಂದರೆ ರಾಜಧಾನಿಯಲ್ಲೇ ಇರಬೇಕಲ್ಲವೇ? ಜೋಯಿಸರು ಯೆರೂಸಲೇಮಿಗೆ ಹೋಗಿ ವಿಚಾರಿಸುತ್ತಾರೆ, ಸುದ್ದಿ ಅಲ್ಲಿನ ಅರಸ ಹೆರೋದನ ಕಿವಿಗೂ ಬೀಳುತ್ತದೆ. ಶಾಸ್ತ್ರಿಗಳು ಪ್ರವಾದಿ ಮೀಕನ ಮಾತು ತೆಗೆದು 'ಬೇತ್ಲೆಹೇಮ್' ಎಂದು ಊರಿನ ಹೆಸರು ಹೇಳುತ್ತಾರೆ. ಅತ್ತ ಹೊರಟ ಮೇಲೆ ನಕ್ಷತ್ರ ಮತ್ತೆ ಕಾಣಿಸಿಕೊಂಡು ಮನೆಯವರೆಗೂ ಮುಂದೆ ಸಾಗುತ್ತದೆ. ಅರ್ಧ ದಾರಿ ಆಕಾಶದ್ದು, ಅರ್ಧ ಗ್ರಂಥದ್ದು. ಊರು ಯಾವುದೆಂದು ಬಲ್ಲ ಆ ಪಂಡಿತರಲ್ಲಿ ಒಬ್ಬರಾದರೂ ಜೊತೆಗೆ ಹೋದರೆಂದು ಮತ್ತಾಯ ಹೇಳುವುದಿಲ್ಲ. ಬೇತ್ಲೆಹೇಮ್ ಇರುವುದೋ ಅಲ್ಲಿಂದ 10 ಕಿಲೋಮೀಟರಿಗೂ ಕಡಿಮೆ ದೂರದಲ್ಲಿ!

ಈ ನಕ್ಷತ್ರಕ್ಕೆ ಇನ್ನೂ ಹಳೆಯ ಮೂಲವೊಂದಿದೆ. ಹಳೆ ಒಡಂಬಡಿಕೆಯ ಅರಣ್ಯಕಾಂಡದ 24ನೆಯ ಅಧ್ಯಾಯದಲ್ಲಿ ಬಿಳಾಮನೆಂಬ ದರ್ಶನಕಾರ ಯಾಕೋಬನ ವಂಶದಲ್ಲಿ ನಕ್ಷತ್ರವೊಂದು ಉದಯಿಸುತ್ತದೆ ಎನ್ನುತ್ತಾನೆ. ಅವನೂ ಹೊರಗಿನವನೇ. ಅಲ್ಲಿ ನಕ್ಷತ್ರವೆಂದರೆ ಬರಲಿರುವ ಅರಸ. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ ಕೊನೆಗೆ ಯೇಸು ತನ್ನನ್ನೇ ಬೆಳಗಿನ ನಕ್ಷತ್ರ ಎಂದು ಕರೆದುಕೊಳ್ಳುತ್ತಾನೆ. ಹೀಗಾಗಿ ಈ ಸಂಕೇತ ದಾರಿ ತೋರುವ ದೀಪವೂ ಹೌದು, ದಾರಿ ಮುಟ್ಟುವ ಕಡೆಯೂ ಹೌದು.

ಅದು ನಿಜಕ್ಕೂ ಯಾವ ಆಕಾಶಕಾಯ? ಖಗೋಳ ವಿಜ್ಞಾನಿ ಕೆಪ್ಲರ್ ಲೆಕ್ಕ ಹಾಕಿ ಕ್ರಿ.ಪೂ. 7ರಲ್ಲಿ ಗುರು ಮತ್ತು ಶನಿ ಗ್ರಹಗಳು ಹತ್ತಿರ ಬಂದದ್ದನ್ನು ಗುರುತಿಸಿದ. 1301ರಲ್ಲಿ ಹ್ಯಾಲಿ ಧೂಮಕೇತು ಬಂದುಹೋದ ಕೆಲವೇ ವರ್ಷಗಳಲ್ಲಿ ಚಿತ್ರಕಾರ ಜೊತ್ತೊ ಇಟಲಿಯ ಪಾದುವಾದಲ್ಲಿ ಗೋದಲಿಯ ಮೇಲೆ ಬಾಲದ ಧೂಮಕೇತುವನ್ನೇ ಬರೆದ. ಲೆಕ್ಕಾಚಾರ ಇನ್ನೂ ಮುಗಿದಿಲ್ಲ, ಸಂಕೇತ ಅದಕ್ಕಾಗಿ ಕಾದೂ ಇಲ್ಲ.

ಮೂಲೆಗಳು ಎಷ್ಟಿರಬೇಕೆಂಬ ನಿಯಮವೂ ಇಲ್ಲ. ಐದು, ಎಂಟು, ಮೊರಾವಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯವರದಾದರೆ ಇಪ್ಪತ್ತಕ್ಕೂ ಹೆಚ್ಚು. ಬೇತ್ಲೆಹೇಮಿನ ಜನನ ದೇವಾಲಯದ ಗುಹೆಯಲ್ಲಿರುವ ಬೆಳ್ಳಿಯ ನಕ್ಷತ್ರಕ್ಕೆ 14 ಮೂಲೆ; ಮತ್ತಾಯನ ವಂಶಾವಳಿಯ ಹದಿನಾಲ್ಕು ಹದಿನಾಲ್ಕು ತಲೆಮಾರುಗಳನ್ನು ಅದಕ್ಕೆ ಜೋಡಿಸಿ ಹೇಳುವುದುಂಟು. 1847ರಲ್ಲಿ ಅಲ್ಲಿದ್ದ ನಕ್ಷತ್ರ ಕಳುವಾಗಿ, ಗ್ರೀಕ್ (ಆರ್ಥೊಡಾಕ್ಸ್) ಮತ್ತು ಲ್ಯಾಟಿನ್ (ಕ್ಯಾಥೊಲಿಕ್) ಸಭೆಗಳ ಜಗಳ ಕ್ರಿಮಿಯಾ ಯುದ್ಧದ ಹಿನ್ನೆಲೆಯವರೆಗೂ ಬೆಳೆಯಿತು. ಈಗಿರುವುದು ಆಮೇಲೆ ಕೂರಿಸಿದ್ದು. ಅದು ಇರುವುದು ನೆಲದಲ್ಲಿ, ಮುಟ್ಟಬೇಕೆಂದರೆ ಮಂಡಿಯೂರಬೇಕು.