ನಾಲ್ಕು ತಾಸು ಆಡಿದರೂ ಬರೀ ನಡಿಗೆ, ಬರೀ ಬೀಳೋದು: ಡೆತ್ ಸ್ಟ್ರಾಂಡಿಂಗ್ ಮುಂದುವರಿಸಬೇಕಾ?

ಸಿಂಧನೂರಿನ ಓದುಗರ ಪ್ರಶ್ನೆ: ‘ಡೆತ್ ಸ್ಟ್ರಾಂಡಿಂಗ್ ಶುರು ಮಾಡೀನಿ. ಅರ್ಧ ಹೊತ್ತು ಸಿನಿಮಾ ನೋಡಿಧಂಗ, ಉಳಿದದ್ದು ನಡಿಯೋದು, ಬೀಳೋದು, ಸಾಮಾನು ಹೊಳ್ಯಾಗ ತೇಲಿ ಹೋಗೋದು. ಇದ ಆಟ ಏನು? ಮುಂದ ಆಡ್ಲಾ, ಬಿಡ್ಲಾ?’

ಮೂರನೇ ಎಪಿಸೋಡ್ (ಆಟದ ಅಧ್ಯಾಯ) ತನಕ ಆಡಿ, ಆಮೇಲೆ ತೀರ್ಮಾನಿಸಿ. ಜಪಾನಿನ ಗೇಮ್ ನಿರ್ದೇಶಕ ಹಿಡಿಯೊ ಕೊಜಿಮಾ ಅವರ ತಂಡ 2019ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಈ ವಿಡಿಯೊ ಗೇಮ್‌ನ ಮೊದಲ ಎರಡು ಎಪಿಸೋಡ್‌ಗಳು ನಿಜಕ್ಕೂ ನಿಧಾನ. ಕಥೆಯ ದೃಶ್ಯಗಳು ಉದ್ದ, ಕೈಗೆ ಸಿಗುವ ಸಾಧನ ಕಡಿಮೆ. ಆದರೆ ಬೀಳುವುದಕ್ಕೆ ಕಾರಣ ಬೇರೆ. ಮುಕ್ಕಾಲು ಪಾಲು ಬೀಳುವಿಕೆ ಹೊರಡುವ ಮೊದಲೇ, ಹೊರೆ ಹೇರುವಾಗಲೇ ನಿರ್ಧಾರವಾಗಿರುತ್ತದೆ.

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲರು ಮೂಟೆಯನ್ನು ಬೆನ್ನಿನ ಮೇಲೆ ಸರಿಯಾಗಿ ಕೂರಿಸಿಕೊಳ್ಳದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಆಟದಲ್ಲಿ ನೀವು ನಡೆಸುವ, ಸರಕು ಹೊತ್ತು ತಲುಪಿಸುವ ಸ್ಯಾಮ್‌ಗೂ ಅದೇ ನಿಯಮ. ಬೆನ್ನ ಮೇಲೆ ಪೆಟ್ಟಿಗೆಗಳನ್ನು ಎತ್ತರಕ್ಕೆ ಪೇರಿಸಿದಷ್ಟೂ ಅವನು ಹೆಚ್ಚು ವಾಲುತ್ತಾನೆ. ಸರಕಿನ ಮೆನುವಿನಲ್ಲಿ ಪ್ಲೇಸ್ಟೇಷನ್ ಕಂಟ್ರೋಲರ್‌ನ ತ್ರಿಕೋನ ಬಟನ್ ಒತ್ತಿದರೆ ಆಟವೇ ಹೊರೆಯನ್ನು ಜೋಡಿಸಿಕೊಡುತ್ತದೆ. ಆರಂಭದಲ್ಲಿ ಅಷ್ಟು ಸಾಕು. ಕೈಯಿಂದ ಜೋಡಿಸುವುದಾದರೆ ಭಾರದ್ದು ಕೆಳಗೆ, ಸಣ್ಣ ಪೆಟ್ಟಿಗೆಗಳು ಭುಜ ಮತ್ತು ತೊಡೆಯ ಕೊಂಡಿಗಳಿಗೆ. ಮಿತಿ ಮುಟ್ಟುವಷ್ಟು ಹೇರಬೇಡಿ. ದಾರಿಯಲ್ಲಿ ಸಿಗುವ ಬೇರೆಯವರ ಸರಕೆಲ್ಲ ಎತ್ತಿಕೊಳ್ಳುವ ಆಸೆಯೇ ಹೊಸಬರನ್ನು ಬೀಳಿಸುವುದು.

ನಡೆಯುವಾಗ ಸ್ಯಾಮ್‌ನ ಮೈ ಎಡಕ್ಕೆ ವಾಲಿದರೆ ಆರ್2 ಬಟನ್, ಬಲಕ್ಕೆ ವಾಲಿದರೆ ಎಲ್2 ಬಟನ್ ಒತ್ತಿ. ಕಲ್ಲುಗಳ ಇಳಿಜಾರಿನಲ್ಲಿ ವಾಲುವ ತನಕ ಕಾಯದೆ ಎರಡನ್ನೂ ಒಟ್ಟಿಗೆ ಹಿಡಿಯಿರಿ. ಆಗ ಎರಡೂ ಕೈಯಿಂದ ಚೀಲದ ಪಟ್ಟಿ ಬಿಗಿಹಿಡಿದು ನಡೆಯುತ್ತಾನೆ. ವೇಗ ತಗ್ಗುತ್ತದೆ, ಸರಕು ಉಳಿಯುತ್ತದೆ. ಓಡುತ್ತಾ ತಟ್ಟನೆ ತಿರುಗಿದರೆ ಮಾತ್ರ ಯಾವ ಬಟನ್ನೂ ಕಾಪಾಡದು.

ಇನ್ನು ಹೊಳೆ. ಇಳಿಯುವ ಮೊದಲು ಆರ್1 ಒತ್ತಿ ಸ್ಕ್ಯಾನ್ ಮಾಡಿ. ನೀರಿನ ಮೇಲೆ ನೀಲಿ ಗುರುತು ಕಂಡರೆ ದಾಟಬಹುದು. ಹಳದಿಯಲ್ಲಿ ಸೆಳೆತವಿದೆ, ದಮ್ಮು ಬೇಗ ಕರಗುತ್ತದೆ. ಕೆಂಪು ಕಂಡ ಕಡೆ ಕಾಲಿಡಲೇಬೇಡಿ. ದಮ್ಮು ಮುಗಿದು ಕಾಲು ಕಿತ್ತಿತೋ, ನೀವು ಹೇಳಿದಂತೆ ಸಾಮಾನೆಲ್ಲ ತೇಲುತ್ತದೆ. ಆಗ ಮೊದಲು ದಡ ಸೇರಿ, ಆಮೇಲೆ ಕೆಳಹರಿವಿನಲ್ಲಿ ಹುಡುಕಿ. ಹಾಗಾಗಿ ಪ್ರತಿ ಸಲವೂ ಒಂದೆರಡು ಏಣಿ ಜೊತೆಗಿರಲಿ. ಏಣಿ ಬಂಡೆ ಹತ್ತಲು ಮಾತ್ರವಲ್ಲ, ಅಡ್ಡ ಹಾಕಿದರೆ ಸೇತುವೆಯೂ ಹೌದು. ಕಡಿದಾದ ಕಡೆ ಇಳಿಯಲು ಹಗ್ಗದ ಆಂಕರ್ (ನೆಲಕ್ಕೆ ಊರಿ ಹಗ್ಗ ಇಳಿಬಿಡುವ ಗೂಟ) ಬೇಕು.

ಬೂಟನ್ನು ಬಹಳ ಜನ ಮರೆಯುತ್ತಾರೆ. ಅದು ನಡೆದಷ್ಟೂ ಸವೆಯುತ್ತದೆ, ಪೂರ್ತಿ ಹರಿದರೆ ಬರಿಗಾಲಲ್ಲಿ ರಕ್ತ ಬರುತ್ತದೆ. ಒಂದು ಜೊತೆ ಹೆಚ್ಚುವರಿ ಬೂಟು ಸದಾ ಇರಲಿ. ಟೈಮ್‌ಫಾಲ್ ಎಂಬ, ತಾಗಿದ್ದನ್ನೆಲ್ಲ ಬೇಗ ಹಳತಾಗಿಸುವ ಮಳೆ ಮೊದಲು ಪೆಟ್ಟಿಗೆಯನ್ನು ತಿನ್ನುತ್ತದೆ, ಆಮೇಲೆ ಒಳಗಿನ ಸರಕನ್ನು. ಪೆಟ್ಟಿಗೆಗಷ್ಟೇ ಪೆಟ್ಟಾಗಿರುವಾಗ ರಿಪೇರಿ ಸ್ಪ್ರೇ ಹೊಡೆದರೆ ಸರಿಹೋಗುತ್ತದೆ. ಒಳಗಿನದು ಕೆಟ್ಟ ಮೇಲೆ ಸ್ಪ್ರೇಯಿಂದ ಪ್ರಯೋಜನವಿಲ್ಲ.

ಇಂಟರ್‌ನೆಟ್ ಹಾಕಿಟ್ಟುಕೊಂಡೇ ಆಡಿ ಎಂದು ಒತ್ತಿ ಹೇಳುತ್ತೇವೆ. ಇದು ಒಬ್ಬರೇ ಆಡುವ ಆಟ, ಬೇರೆ ಆಟಗಾರರು ನಿಮ್ಮೆದುರು ಬರುವುದಿಲ್ಲ. ಆದರೆ ಒಂದು ಪ್ರದೇಶವನ್ನು ಕೈರಲ್ ಜಾಲಕ್ಕೆ (ಆಟದೊಳಗಿನ ಸಂಪರ್ಕ ಜಾಲ) ಸೇರಿಸಿದ ಕೂಡಲೇ ಯಾರೋ ಹಾಕಿಟ್ಟ ಏಣಿ, ಹಗ್ಗ, ಸೇತುವೆಗಳು ಅಲ್ಲಿ ಕಾಣತೊಡಗುತ್ತವೆ, ನಿಮ್ಮವು ಅವರಿಗೆ ಸಿಗುತ್ತವೆ. ಈ ಆಟದ ಜೀವ ಇರುವುದೇ ಇಲ್ಲಿ. ಆಫ್‌ಲೈನ್‌ನಲ್ಲಿ ಆಡಿದವರಿಗೆ ಇದು ಬರೀ ಬರಡು ಬೆಟ್ಟವಾಗಿ ಕಂಡರೆ ಆಶ್ಚರ್ಯವಿಲ್ಲ.

ಮೂರನೇ ಎಪಿಸೋಡ್‌ನಲ್ಲಿ ನಕ್ಷೆ ದೊಡ್ಡದಾಗುತ್ತದೆ. ಹೊರುವ ಶಕ್ತಿ ಹೆಚ್ಚಿಸುವ ಯಂತ್ರಗಾಲು, ಟ್ರಕ್ಕು ಸಿಗುತ್ತವೆ. ಲೋಹ, ಸೆರಾಮಿಕ್, ಕೈರಲ್ ಹರಳು ತಂದು ಹಾಕಿದರೆ ಹೆದ್ದಾರಿಯೇ ಎದ್ದು ನಿಲ್ಲುತ್ತದೆ, ಅದಕ್ಕೆ ಬೇರೆಯವರ ಪಾಲೂ ಸೇರುತ್ತದೆ. ಕೆಲವು ತಾಸಿನ ಹಿಂದೆ ಜಾರಿ ಬಿದ್ದ ತರಹದ ಕಲ್ಲುನೆಲದ ಮೇಲೆಯೇ ಟ್ರಕ್ ಓಡಿಸುತ್ತೀರಿ. ಆ ರಸ್ತೆಯ ಎರಡು ಮೂರು ತುಂಡು ಕಟ್ಟಿದ ಮೇಲೂ ಬೇಸರವೇ ಆದರೆ, ನಿಶ್ಚಿಂತೆಯಿಂದ ಅನ್‌ಇನ್‌ಸ್ಟಾಲ್ ಮಾಡಿ. ಪಿಸಿಯಲ್ಲಾದರೆ 80 ಜಿಬಿ ಜಾಗವಾದರೂ ಖಾಲಿಯಾಗುತ್ತದೆ.